ಮೂರು ಮೊನೆಯ ನಕ್ಷತ್ರ ಮತ್ತು ಮುನಿರತ್ನಮ್ಮನವರ ಅಂಜಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವ ಗ್ಯಾರೇಜಿಗೆ ಹೋಗಿ ನೋಡಿದರೂ, ಅಲ್ಲಿ ಪಾನಾ ಹಿಡಿದ ಕೈಗಳಲ್ಲಿ ಒಂದಾದರೂ ಶ್ರೀಮತಿ ಮುನಿರತ್ನಮ್ಮನವರ ಮುಂದೆ ಪಳಗಿದ್ದಾಗಿರುತ್ತದೆ. ಆಟೊಮೊಬೈಲ್ ವಿಭಾಗದಲ್ಲಿ ಹೆಣ್ಣುಮಗಳೊಬ್ಬಳು ಪಾಠ ಹೇಳುವುದೇ ಸೋಜಿಗವೆನಿಸಿದ್ದ ಕಾಲದಲ್ಲಿ ರಾಮನಗರದ ಪಾಲಿಟೆಕ್ನಿಕ್ಕೊಂದಕ್ಕೆ ಉಪನ್ಯಾಸಕಿಯಾಗಿ ಬಂದು, ಅದೇ ವಿಭಾಗದ ಮುಖ್ಯಸ್ಥೆಯಾಗಿ ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಮಾತನಾಡುವವರೆಲ್ಲ 'ಧೈರ್ಯವಂತೆ' ಎಂಬ ಮಾತಿನಿಂದಲೇ ಆರಂಭಿಸುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಅವರಿಗೆ ಮುಜುಗರ. ತಮ್ಮಷ್ಟು ಅಂಜುಕುಳಿ ಈ ಜಿಲ್ಲೆಯಲ್ಲೇ ಇಲ್ಲವೆಂಬುದು ಅವರ ಖಚಿತ ಅಭಿಪ್ರಾಯ. ಅದರಲ್ಲಿ ಸುಳ್ಳಿಲ್ಲ.

ಅವರ ಹುಟ್ಟೂರು ಮಾಗಡಿ ತಾಲ್ಲೂಕಿನ ಕುದೂರು. ತಂದೆ ಮುನಿಯಪ್ಪನವರು ಕಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದರು. ಜರ್ಮನಿಯ ಬೆಂಜ್ ಕಂಪನಿಯೊಡನೆ ಕೂಡಿ ಟಾಟಾದವರು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟುತ್ತಿದ್ದ ದಿನಗಳಲ್ಲಿ ತಯಾರಾದ ಹಳೆಯ ಗಾಡಿ ಅದು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. ಊರಿನವರ ಬಾಯಲ್ಲಿ ಅದು ಲಾರಿಯಲ್ಲ, 'ಬೆಂಜು'. ದೊಡ್ಡ ಸಾಹುಕಾರರ ಕಾರಿನ ಗುರುತೆಂದು ಜಗತ್ತು ಬಲ್ಲ ಆ ನಕ್ಷತ್ರವನ್ನು ಬಾಲಕಿ ಮುನಿರತ್ನ ಮೊದಲು ನೋಡಿದ್ದು ಕಲ್ಲುಧೂಳಿನ ನಡುವೆ, ಅಪ್ಪನ ಹೆಗಲ ಮೇಲೆ ಕುಳಿತು.

ಒಂದು ಮಧ್ಯಾಹ್ನ ಅಪ್ಪನನ್ನು ಇಬ್ಬರು ಹಿಡಿದುಕೊಂಡು ಮನೆಗೆ ಕರೆತಂದರು. ಸವೆದುಹೋಗಿದ್ದ ಬ್ರೇಕ್ ಲೈನಿಂಗ್ ಬದಲಿಸಿಕೊಡಿರೆಂದು ಎಷ್ಟು ಕೇಳಿದರೂ ಲಾರಿಯ ಮಾಲೀಕ ಕಿವಿಗೆ ಹಾಕಿಕೊಂಡಿರಲಿಲ್ಲ. ಅಂದು ಸೈಜುಗಲ್ಲನ್ನು ಹೊರಲಾರದಷ್ಟು ಹೇರಿಸಿ ಕಳಿಸಿದ್ದ. ಇಳಿಜಾರಿನಲ್ಲಿ ಲಾರಿ ಕೈಮೀರಿ, ಮುನಿಯಪ್ಪನವರು ಅದನ್ನು ಹೇಗೋ ಹೊಲದ ಬದುವಿಗೆ ನುಗ್ಗಿಸಿ ಬದುಕುಳಿದಿದ್ದರು. ಮೈಮೇಲೆ ಗಾಯವಿರಲಿಲ್ಲ. ಆದರೆ ಗೋಡೆಗೆ ಮುಖಮಾಡಿ ಕುಳಿತ ಮನುಷ್ಯ ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ. "ಹಿಡೀಲಿಲ್ಲ ಕಣವ್ವಾ, ಬ್ರೇಕು ಹಿಡೀಲಿಲ್ಲ" ಎಂದು ಮಗಳಿಗೆ ಒಂದೇ ಮಾತು ಹೇಳಿದರು. ಆಮೇಲೆ ಅವರು ಯಾವ ಗಾಡಿಯ ಸ್ಟೇರಿಂಗನ್ನೂ ಹಿಡಿಯಲಿಲ್ಲ. ಅಂದಿನಿಂದ ಬಸ್ಸು ದಿಬ್ಬ ಇಳಿಯತೊಡಗಿದರೆ ಸಾಕು, ಮುನಿರತ್ನಮ್ಮನವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಿಡಿಯದೇ ಹೋದದ್ದು ಯಾವುದು, ಯಾಕೆ ಹಿಡಿಯಲಿಲ್ಲ ಎಂದು ತಿಳಿಯಲೆಂದೇ ಅವರು ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೇರಿದ್ದು.

ಅಧ್ಯಾಪಕಿಯಾಗಿ ಅವರ ಹೆಸರು ಹಬ್ಬಿದ್ದು 'ಬೆಂಜ್ ಪಾಠ'ದಿಂದ. ಪ್ರತಿವರ್ಷ ಹೊಸ ತರಗತಿಗೆ ಮೊದಲು ಹೇಳುತ್ತಿದ್ದುದು ಆ ಕಥೆಯನ್ನೇ. ಸಾವಿರದ ಎಂಟುನೂರ ಎಂಬತ್ತಾರರಲ್ಲಿ ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಆದರೆ ಅದನ್ನು ನಂಬಿ ಹತ್ತುವವರಿರಲಿಲ್ಲ. ಎರಡು ವರ್ಷದ ನಂತರ ಅವನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ, ಗಂಡುಮಕ್ಕಳಿಬ್ಬರನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ತವರಿಗೆ ಹೊರಟಳು. ದಾರಿಯಲ್ಲಿ ಔಷಧದ ಅಂಗಡಿಯಿಂದ ಇಂಧನ ಕೊಂಡಳು, ಕಟ್ಟಿಕೊಂಡ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ಅದಕ್ಕೆ ತೊಗಲು ಹೊಡೆಸಿದಳು. ಅತ್ತ ಡೈಮ್ಲರ್ ಎಂಬ ಇನ್ನೊಬ್ಬನ ಕಾರ್ಖಾನೆ. ಅದರ ಕಾರುಗಳನ್ನು ಮಾರುತ್ತಿದ್ದ ವ್ಯಾಪಾರಿಯೊಬ್ಬ ತನ್ನ ಮಗಳು ಮರ್ಸಿಡಿಸಳ ಹೆಸರನ್ನು ಅವಕ್ಕೆ ಇಟ್ಟ. ನೆಲ, ಜಲ, ಆಕಾಶ ಮೂರರಲ್ಲೂ ತಮ್ಮ ಎಂಜಿನ್ ಓಡಬೇಕೆಂಬ ಆಸೆಗೆ ನಕ್ಷತ್ರದ ಮೂರು ಮೊನೆ. ಮುಂದೆ ಎರಡು ಕಂಪನಿಗಳೂ ಒಂದಾದವು.

ಇಷ್ಟನ್ನು ಯಾವ ಪುಸ್ತಕವೂ ಹೇಳೀತು. ಮುನಿರತ್ನಮ್ಮನವರು ಅದರಿಂದ ಹೊರಡಿಸುತ್ತಿದ್ದ ಮಾತು ಅವರದೇ. ಆ ಕಾರಿನ ಮೋಹ ಚರ್ಮದ ಸೀಟಿನಲ್ಲಾಗಲಿ, ಬಾಗಿಲು ಮುಚ್ಚಿದಾಗ ಕೇಳುವ ತುಂಬಿದ ಸದ್ದಿನಲ್ಲಾಗಲಿ ಇಲ್ಲ ಎನ್ನುತ್ತಿದ್ದರು ಅವರು. ಢಿಕ್ಕಿಯಾದಾಗ ಮೂತಿ ತಾನು ನಜ್ಜಾಗಿ ಒಳಗಿನವರನ್ನು ಉಳಿಸಬೇಕೆಂದು ಮೊದಲು ಯೋಚಿಸಿದವರು ಆ ಕಂಪನಿಯಲ್ಲಿದ್ದರು. ಗಟ್ಟಿಯಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿಕೊಳ್ಳದಂಥ ಏರ್ಪಾಟನ್ನು ಕಾರಿಗೆ ತಂದವರೂ ಅವರೇ. "ಇದು ಭಯಪಟ್ಟೋರು ಕಟ್ಟಿದ ಕಾರು. ಭಯ ಇಲ್ದೋನ ಕೈಗೆ ಗಾಡಿ ಕೊಡಬೇಡಿ, ಪಾನಾನೂ ಕೊಡಬೇಡಿ" ಎಂಬುದು ಅವರ ಪಾಠದ ಕೊನೆಯ ಮಾತಾಗಿರುತ್ತಿತ್ತು.

ಅಂಜಿದವರನ್ನು ಅವರು ಎಂದೂ ನಕ್ಕು ಕಳಿಸಿದವರಲ್ಲ. ಚನ್ನಪಟ್ಟಣದ ಇದ್ರೀಸ್ ಎಂಬ ವಿದ್ಯಾರ್ಥಿ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿ ಮುಂಗೈ ಸುಟ್ಟುಕೊಂಡ. ಗಾಯ ವಾಸಿಯಾದ ಮೇಲೂ ಬಾನೆಟ್ ಎತ್ತಿದರೆ ದೂರ ಸರಿಯುತ್ತಿದ್ದ, ಓದು ಬಿಟ್ಟು ಮನೆಗೆ ಹೊರಡಲು ಚೀಲವನ್ನೂ ಕಟ್ಟಿದ್ದ. ಮುನಿರತ್ನಮ್ಮನವರು ಅವನನ್ನು ತಡೆದು, ಊಟದ ವಿರಾಮದಲ್ಲಿ ಯಾರೂ ಇಲ್ಲದಾಗ ತಣ್ಣಗಿದ್ದ ಗಾಡಿಯ ಮುಂದೆ ನಿಲ್ಲಿಸಿಕೊಂಡು, ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಮುಚ್ಚಳ ತೆಗೆಸುತ್ತಿದ್ದರು. ಅವನ ಹೆದರಿಕೆ ಹದಕ್ಕೆ ಬರುವವರೆಗೆ ಹಾಗೆಯೇ ನಡೆಯಿತು. ಇಂದು ಕನಕಪುರದಲ್ಲಿ ಅವನದೇ ಗ್ಯಾರೇಜಿದೆ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ಒದಗಿದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಅದನ್ನು ಹೇಳಬಾರದೆಂದು ಅವರು ಕೇಳಿಕೊಂಡಿಲ್ಲ.

ಹೊಂಗನೂರಿನ ರೇಷ್ಮೆ ಬೆಳೆಯುವ ಮನೆತನದ ಮುನೇಶ್ ಅವರ ಹಳೆಯ ವಿದ್ಯಾರ್ಥಿ. ಬಿಡದಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ಅವನು ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ರಮ್ಯಾ ಮತ್ತು ಪುಟ್ಟ ಮಗಳೊಡನೆ ಮೇಡಂ ಮನೆಯ ಮುಂದೆ ಬಂದು ನಿಂತ. ಹಿಂದೆ ಬೆಳ್ಳಿಬಣ್ಣದ ಮರ್ಸಿಡಿಸ್.

"ನಿಮ್ಮ ಪಾಠ ಕೇಳ್ದಾಗಿಂದ ತಲೇಲಿ ಕುಂತಿತ್ತು ಮೇಡಂ. ಸೆಕೆಂಡ್ ಹ್ಯಾಂಡೇ ಆಗ್ಲಿ, ತಂದ್ಬುಟ್ಟೆ. ನಿಮ್ಮ ಅಮ್ಮನ್ನ ನೋಡಾಕೆ ಕುದೂರ್ಗೆ ಹೋಗ್ಬೇಕು ಅಂದಿದ್ರಲ್ಲ, ಬನ್ನಿ, ನಾನೇ ಬುಟ್ಟು ಬತ್ತೀನಿ."

ಅವನ ಮುಖದಲ್ಲಿದ್ದ ಹಿಗ್ಗನ್ನು ನೋಡಿ ಅವರಿಗೂ ಕಣ್ಣು ತುಂಬಿತು. ಮುನೇಶನ ಪಕ್ಕದ ಸೀಟಿಗೆ ಹತ್ತಿ ಕುಳಿತರು. ಒಳಗೆ ಸುಗಂಧದ ವಾಸನೆ ಸ್ವಲ್ಪ ಅತಿಯಾಗಿಯೇ ಇತ್ತು. ಊರು ದಾಟಿ ಮಾಗಡಿ ರಸ್ತೆಗೆ ಬಿದ್ದ ಮೇಲೆ, ಸಡಿಲವಾಗಿದ್ದ ಸೀಟ್ ಬೆಲ್ಟನ್ನು ಸರಿಮಾಡಿಕೊಳ್ಳಲು ಅವರು ಪೂರ್ತಿ ಹೊರಗೆಳೆದರು. ಸುರುಳಿಯೊಳಗೆ ಅಡಗಿದ್ದ ತುದಿಯ ಗೇಣುದ್ದ ಪಟ್ಟಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ನುಣುಪು ಧೂಳು ಅಂಟಿತು. ಕೆರೆಯ ತಳದಲ್ಲಿ ಒಣಗುವ ಗೋಡಿನಂಥ ಧೂಳು.

ಅವರಿಗೆ ತಕ್ಷಣ ಅರ್ಥವಾಯಿತು. ದೊಡ್ಡ ಮಳೆ ಬಂದ ವರ್ಷ ಬೆಂಗಳೂರಿನ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಇಂಥ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. ತೊಳೆದು, ಒರೆಸಿ, ಸೀಟಿನ ಹೊದಿಕೆ ಬದಲಿಸಿದರೆ ಹೊರಗೆ ಗೊತ್ತಾಗುವುದಿಲ್ಲ. ಒಳಗೆ ತಂತಿಯ ಕೂಡುಗಳು ಕಿಲುಬು ಹಿಡಿಯುತ್ತಲೇ ಇರುತ್ತವೆ.

"ಯಾರತ್ರ ತಗೊಂಡೆ ಮುನೇಶ?"

"ಬೆಂಗ್ಳೂರ್ನಾಗೆ ಒಬ್ಬ ಬ್ರೋಕರು ಮೇಡಂ. ಡಾಕ್ಟ್ರು ಓಡುಸ್ತಿದ್ದ ಗಾಡಿ ಅಂತೆ, ಮನೇಲೇ ಮಡಗಿದ್ರಂತೆ."

ಹಿಂದಿನ ಸೀಟಿನಿಂದ ರಮ್ಯಾ ನಕ್ಕಳು. "ನಮ್ಮ ಬೀದೀಲಿ ಇದೇ ಮೊದಲ್ನೇ ಬೆಂಜು ಮೇಡಂ. ನಮ್ಮತ್ತೆ ಚಪ್ಪಲಿ ಬಿಟ್ಟು ಹತ್ತುದ್ರು!"

ಮುನಿರತ್ನಮ್ಮನವರು ನಗಲಾರದೆ ಹೋದರು. "ಒಸಿ ನಿಲ್ಸು ಮುನೇಶ."

"ಮಾಗಡೀಲಿ ಕಾಫಿಗೆ ನಿಲ್ಲುಸ್ತೀನಿ ಮೇಡಂ."

"ಈಗ್ಲೇ ನಿಲ್ಸು."

ಅವನು ಅಚ್ಚರಿಯಿಂದ ಇತ್ತ ತಿರುಗುವಷ್ಟರಲ್ಲಿ ಕಾರು ದಿಬ್ಬದ ನೆತ್ತಿ ದಾಟಿ ಇಳಿಜಾರಿಗೆ ಬಿದ್ದಿತ್ತು. ಒಂದು ಬದಿಗೆ ಕಡಿದ ಬಂಡೆ, ಇನ್ನೊಂದು ಬದಿಗೆ ಹಳ್ಳ, ಕೆಳಗೆ ತಿರುವು. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮರುಕ್ಷಣ ಎಂಜಿನ್ ನಿಂತಿತು. ಆ ಕಾರಿನ ಹೆಮ್ಮೆಯಾದ ನಿಶ್ಶಬ್ದದಲ್ಲಿ ಅದು ನಿಂತದ್ದೇ ರಮ್ಯಾಗೆ ತಿಳಿಯಲಿಲ್ಲ. ಟೈರಿನ ಸದ್ದು ಮಾತ್ರ ಏರುತ್ತಿತ್ತು.

ಮುನೇಶ್ ಬ್ರೇಕನ್ನು ಒತ್ತಿ ಬಿಟ್ಟ, ಮತ್ತೆ ಒತ್ತಿ ಬಿಟ್ಟ. ಎಂಜಿನ್ ಸತ್ತ ಮೇಲೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಒಂದೆರಡು ಒತ್ತಿಗಷ್ಟೇ ಉಳಿದಿರುತ್ತದೆ. ಮೂರನೆಯ ಸಲಕ್ಕೆ ಪೆಡಲು ಕಲ್ಲಾಯಿತು.

"ಮೇಡಂ, ಹಿಡೀತಿಲ್ಲ!"

ಬಾಲ್ಯದಲ್ಲಿ ಕೇಳಿದ ಮಾತನ್ನು ಅವರು ಮತ್ತೆ ಕೇಳಿದ್ದರು. ಒಂದು ಗಳಿಗೆ ದನಿಯೇ ಹೊರಡಲಿಲ್ಲ. ಹಿಂದೆ ಮಗು ಏನೋ ಹಾಡಿಕೊಳ್ಳುತ್ತಿತ್ತು. ಆ ದನಿ ಕೇಳಿದ ಮೇಲೆಯೇ ಅವರಿಗೆ ಮಾತು ಬಂದದ್ದು.

"ಕಾಲು ಎತ್ತಬೇಡ! ತುಳಿದಂಗೇ ಇರ್ಲಿ, ಇರೋ ಬಲ ಎಲ್ಲ ಹಾಕು. ಕೀ ಮುಟ್ಟಬೇಡ, ಸ್ಟೇರಿಂಗು ಲಾಕ್ ಆಯ್ತದೆ. ಎಡಗಾಲಲ್ಲಿ ಪಾರ್ಕಿಂಗ್ ಬ್ರೇಕು ಒತ್ತು. ಒಂದೇ ಏಟಿಗಲ್ಲ ಕಣೋ, ಮೆಲ್ಲಗೆ, ಮೆಲ್ಲಗೆ!"

"ಸ್ಟೇರಿಂಗು ತಿರುಗ್ತಿಲ್ಲ ಮೇಡಂ!"

"ತಿರುಗ್ತದೆ, ಭಾರ ಇರ್ತದೆ ಅಷ್ಟೆ. ಬಂಡೆ ಕಡೀಕೆ ಎಳಿ!" ಎಂದವರೇ ತಾವೂ ಬಾಗಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಜಗ್ಗಿದರು.

ತಿರುವಿಗೆ ಮೊದಲು, ಬಂಡೆಯ ಬದಿಯಲ್ಲೇ, ರಸ್ತೆ ರಿಪೇರಿಗೆಂದು ಸುರಿದಿದ್ದ ಜಲ್ಲಿಯ ರಾಶಿಯಿತ್ತು. ಕಾರಿನ ಮೂತಿ ಅದರೊಳಗೆ ಹೂತು, ಹಿಂಭಾಗ ಒಮ್ಮೆ ಎದ್ದು ಕೂತು ನಿಂತಿತು. ಸೀಟ್ ಬೆಲ್ಟುಗಳು ಎಲ್ಲರನ್ನೂ ಹಿಡಿದುಕೊಂಡವು. ಆಗ ಮಗು ಅಳತೊಡಗಿತು. ರಮ್ಯಾ ಅದನ್ನು ಎದೆಗವಚಿಕೊಂಡು ಇಳಿದು ರಸ್ತೆಯಲ್ಲೇ ಕುಸಿದು ಕುಳಿತಳು. ಮುನಿರತ್ನಮ್ಮನವರು ಬಾಗಿಲ ಹಿಡಿಯನ್ನು ಹುಡುಕಲಾರದೆ ಒದ್ದಾಡಿ, ಕೊನೆಗೆ ಮುನೇಶ್ ತೆರೆದಾಗ ಇಳಿದು, ಬಂಡೆಗೆ ಕೈಯೂರಿ ವಾಂತಿ ಮಾಡಿಕೊಂಡರು.

ಸುಧಾರಿಸಿಕೊಂಡ ಮೇಲೆ ಅವರು ಸೀಟಿನ ಕೆಳಗಿನ ತಂತಿಗಳನ್ನು ಅವನಿಗೆ ತೋರಿಸಿದರು. ಹಸಿರುಗಟ್ಟಿದ್ದ ಕೂಡುಗಳನ್ನು ನೋಡಿದವನೇ ಅವನು ಜೇಬಿನಿಂದ ಫೋನು ತೆಗೆದ. ಬ್ರೋಕರನ ಫೋನು ಆಗಲೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಪಾರಾದ ಕಥೆಯಾಗುತ್ತಿತ್ತು, ಅಷ್ಟೆ. ಮುಂದಿನ ವಾರ ರಮ್ಯಾ ಫೋನು ಮಾಡಿದಳು: ಕಾರನ್ನು ರಿಪೇರಿ ಮಾಡಿಸಿದ್ದಾರೆ, ಚನ್ನಪಟ್ಟಣದ ಯಾರೋ ಕೊಳ್ಳಲು ಬರುತ್ತಿದ್ದಾರೆ. ಮುನಿರತ್ನಮ್ಮನವರು ಬಸ್ಸು ಹತ್ತಿ ಹೊಂಗನೂರಿಗೆ ಹೋದರು. ಇನ್ನೊಬ್ಬರ ಮನೆಯ ವ್ಯವಹಾರದಲ್ಲಿ ಬಾಯಿ ಹಾಕುವುದು ಅವರ ಜಾಯಮಾನವಲ್ಲ. ಹಳೆಯ ಶಿಷ್ಯನ ಪ್ರೀತಿಯನ್ನು ಕಳೆದುಕೊಳ್ಳುವ ಹೆದರಿಕೆಯೂ ದಾರಿಯುದ್ದಕ್ಕೂ ಕಾಡಿತ್ತು. ಮುನೇಶನ ತಂದೆ ಕೆಂಪಯ್ಯನವರು ಜಗುಲಿಯಲ್ಲಿ ಕೂರಿಸಿ, ಕೊಳ್ಳುವವರಿಗೆ ನಿಜ ಹೇಳಿಬಿಡಿ ಎಂಬ ಅವರ ಮಾತಿಗೆ ನೇರವಾಗಿಯೇ ಕೇಳಿದರು.

"ನಮ್ಗೆ ಮಾರ್ದೋನು ನೀರ್ ಕುಡ್ದ ಗಾಡಿ ಅಂತ ಹೇಳುದ್ನಾ ತಾಯಿ? ನಾವ್ಯಾಕೆ ಹೇಳ್ಬೇಕು?"

"ಆವತ್ತು ನಾವೆಲ್ಲ ಸತ್ತೋದೋ ಅಂತ್ಲೇ ಅನ್ಕೊಂಡೆ ಕೆಂಪಣ್ಣ" ಎಂದರು ಅವರು. "ಈಗ್ಲೂ ಕಣ್ಣು ಮುಚ್ಚುದ್ರೆ ಆ ಇಳಿಜಾರೇ ಬತ್ತದೆ. ಹಿಂದೆ ನಿಮ್ಮ ಮೊಮ್ಮಗಳು ಕುಂತಿದ್ಲು. ನಾಳೆ ಇನ್ಯಾರದೋ ಮೊಮ್ಮಗಳು ಕುಂತ್ಕತಾಳೆ. ಪಕ್ಕದಲ್ಲಿ ಹೇಳೋಕೆ ನಾನಿರಾಕಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ರಮ್ಯಾ ಹೇಳಿದಳು: "ಮಾವ, ತಗೊಳೋರು ಬಂದ್ರೆ ನಾನೇ ಹೇಳ್ಬುಡ್ತೀನಿ. ನಂಗೆ ರಾತ್ರಿ ನಿದ್ದೆ ಬತ್ತಾ ಇಲ್ಲ."

ಕಾರು ಮಾರಾಟವಾಗಲಿಲ್ಲ. ಮನೆಯವರಿಗೆ ಅದು ಸಣ್ಣ ಪೆಟ್ಟಲ್ಲ. ಕೆಂಪಯ್ಯನವರು ಬಹುಕಾಲ ಮುನಿರತ್ನಮ್ಮನವರ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಕಾರು ಕೊನೆಗೆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿಗೆ ಬಂತು. ಮುನೇಶ್ ರಜೆಯ ದಿನಗಳಲ್ಲಿ ತಾನೇ ಬಂದು, ಅದರ ಒಂದು ಬದಿಯನ್ನು ಕೊಯ್ದು, ಬ್ರೇಕು, ತಂತಿ, ಏರ್‌ಬ್ಯಾಗ್ ಎಲ್ಲವೂ ವಿದ್ಯಾರ್ಥಿಗಳಿಗೆ ಕಾಣುವಂತೆ ಬಿಡಿಸಿಟ್ಟ. ಆ ಘಟನೆಯ ನಂತರ ಮುನಿರತ್ನಮ್ಮನವರು ಬಹಳ ತಿಂಗಳು ಯಾರ ಕಾರಿನಲ್ಲೂ ಮುಂದೆ ಕೂರಲಿಲ್ಲ. ಆ ವರ್ಷದ ಬೆಂಜ್ ಪಾಠವನ್ನು ನಿಂತು ಹೇಳಲಾಗದೆ ಕುರ್ಚಿಯಲ್ಲಿ ಕುಳಿತು ಹೇಳಿದರು. ತಮಗೆ ಏನಾಯಿತು, ಎಷ್ಟು ಭಯವಾಯಿತು ಎಂಬುದನ್ನು ಒಂದಿಷ್ಟೂ ಮುಚ್ಚಿಡಲಿಲ್ಲ. ಹಿಂದಿನ ಬೆಂಚಿನ ಗದ್ದಲದ ಹುಡುಗರೂ ಅಂದು ಉಸಿರು ಬಿಗಿಹಿಡಿದು ಕೇಳಿದರೆಂದು ಅವರ ಸಹೋದ್ಯೋಗಿಗಳು ನೆನೆಯುತ್ತಾರೆ.

ಬೀಳ್ಕೊಡುಗೆಯ ಸಿದ್ಧತೆ ನಡೆದಿದ್ದ ಕಳೆದ ತಿಂಗಳು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವ ಸೌಮ್ಯ ಎಂಬವರು ಹಳೆಯ ಮರ್ಸಿಡಿಸ್ ಒಂದನ್ನು ಕೊಳ್ಳುವ ಮುನ್ನ ಅವರ ಬಳಿಗೆ ತಂದರು. ಈಗ ಹೀಗೆ ತರುವವರು ಹಲವರು. ಮುನಿರತ್ನಮ್ಮನವರು ಅರ್ಧ ದಿನ ಅದರ ಒಳಹೊರಗನ್ನು ಜಾಲಾಡಿ, ಕೊನೆಗೆ ತಾವೇ ಸ್ಟೇರಿಂಗ್ ಹಿಡಿದು, ಸೌಮ್ಯ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರೊಂದನ್ನು ಇಳಿಸಿದರು. ಬುಡದಲ್ಲಿ ನಿಲ್ಲಿಸಿದ ಮೇಲೂ ಸ್ಟೇರಿಂಗ್ ಬಿಡದೆ ಕುಳಿತರು. ಹಣೆ ಬೆವರಿತ್ತು.

"ಯಾಕೆ ಮೇಡಂ? ಗಾಡಿ ಸರಿ ಇಲ್ವಾ?"

"ಗಾಡಿ ಸರೀಗೈತೆ. ನಂಗೇ ಒಸಿ ಭಯ ಆಯ್ತು" ಎಂದು ಅವರು ಸೆರಗಿನಿಂದ ಹಣೆ ಒರೆಸಿಕೊಂಡರು. "ತಗೋಬೋದು ಕಣಮ್ಮ. ಮನೆಯೋರ್ನೆಲ್ಲ ಕೂರುಸ್ಕೊಂಡು ಹೋಗು."

ಹಿರಿಯರಿಗೆ ಶುಭ ಹಾರೈಸುವಾಗ ಭಯವೆಲ್ಲ ನೀಗಲಿ ಎನ್ನುವುದು ವಾಡಿಕೆ. ಆ ಹಾರೈಕೆಯನ್ನು ನಾವು, ಅವರ ಶಿಷ್ಯರು ಮತ್ತು ಸಹೋದ್ಯೋಗಿಗಳು, ಪೂರ್ತಿಯಾಗಿ ಹೇಳಲಾರೆವು. ಮುನಿರತ್ನಮ್ಮನವರಿಗೆ ನಿದ್ದೆ ಚೆನ್ನಾಗಿ ಬರಲಿ, ಮಂಡಿನೋವು ಇಳಿಯಲಿ, ನೂರು ತುಂಬುವವರೆಗೂ ಕಣ್ಣು ಚುರುಕಾಗಿರಲಿ. ಅಂಜಿಕೆ ಮಾತ್ರ, ನಮ್ಮೆಲ್ಲರ ಮಕ್ಕಳ ಸಲುವಾಗಿ, ಒಂದಷ್ಟು ಅವರ ಬಳಿಯೇ ಉಳಿದಿರಲಿ.