ನವಿಲು ಕೇಳಿದರೆ ನಾಯಿ ಬಂತು

ಸಾಗರದಲ್ಲಿ ಮರದ ಕೆತ್ತನೆ ಮಾಡುವ ಅಕ್ಕನೊಬ್ಬರಿಗೆ ನಾನು ಆರ್ಡರ್ ತಲುಪಿಸುವ ವೆಬ್ ಸರ್ವಿಸ್ ಬರೆದುಕೊಟ್ಟಿದ್ದೆ. ಗಿರಾಕಿಗಳು ಆರ್ಡರ್ ಹಾಕುತ್ತಿದ್ದದ್ದು ಬೇರೆ ಊರಿನ ಅಂಗಡಿಯೊಂದರ ವೆಬ್‌ಸೈಟಿನಲ್ಲಿ. ಅಲ್ಲಿಂದ ನನ್ನ ಪ್ರೋಗ್ರಾಮಿಗೆ ಒಂದು ಸಂದೇಶ ಬರುತ್ತಿತ್ತು. ಅಳತೆ, ವಿಳಾಸ ಬರಹದಲ್ಲಿ. ಜೊತೆಗೆ ಅಟ್ಯಾಚ್‌ಮೆಂಟಾಗಿ ಎರಡು ಫೋಟೊ. ಒಂದು ಕೆತ್ತಬೇಕಾದ ಚಿತ್ರ, ಇನ್ನೊಂದು ಅದನ್ನು ಕೂರಿಸುವ ಜಾಗ. ಮೊದಲನೆಯದನ್ನು ಎತ್ತಿಕೊಂಡು ಅಕ್ಕನ ಫೋನಿಗೆ ಕಳಿಸುವಂತೆ ಬರೆದಿದ್ದೆ. ಎಲ್ಲ ಸಲೀಸಾಗಿ ನಡೆದಿತ್ತು.

ಒಂದು ಬೆಳಿಗ್ಗೆ ಅಕ್ಕನ ಶೆಡ್ಡಿಗೆ ಹೋದರೆ ಶಿವನೆ ಮರದ ಹಲಗೆಯ ಮೇಲೊಂದು ನಾಯಿ ಮಲಗಿತ್ತು. ಮುಂಗಾಲಿನ ಮೇಲೆ ಗದ್ದ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಅಕ್ಕ ಅದರ ಬೆನ್ನಿಗೆ ಉಪ್ಪುಕಾಗದ ತಿಕ್ಕುತ್ತಿದ್ದರು.

"ಎಂತ ಅಕ್ಕಾ ಇದು?"

"ತೀರ್ಥಹಳ್ಳಿಯವರ ಆರ್ಡರ್ ಮಾರಾಯ್ತಿ. ಗಣಪತಿ, ಸರಸ್ವತಿ, ಹೂಬಳ್ಳಿ ಕೆತ್ತಿ ಕೆತ್ತಿ ಸಾಕಾಗಿತ್ತು. ಒಬ್ಬರಾದ್ರೂ ನಾಯಿ ಕೇಳಿದ್ರಲ್ಲ!"

ಅವರ ಖುಷಿ ನೋಡಿ ನಾನೂ ಹಿಗ್ಗಿದೆ. ನಾಯಿ ಅಂದೇ ಬಸ್ಸು ಹತ್ತಿ, ಹೊಸನಗರದ ಮೇಲೆ ಹಾದು ತೀರ್ಥಹಳ್ಳಿ ಸೇರಿತು.

ಮರುದಿನ ಗಿರಾಕಿಯ ಫೋನ್ ಬಂತು. ಹೊಲಿಗೆ ಕ್ಲಾಸ್ ನಡೆಸುವ ಹೆಂಗಸು. "ಮೇಡಂ, ಬಾಗಿಲ ಮೇಲೆ ಹಾಕಕ್ಕೆ ನವಿಲು ಕೇಳಿದ್ವಿ. ನಮ್ಮನೆ ನಾಯಿ ಬಂದಿದೆಯಲ್ಲ?"

"ನಿಮ್ಮನೆ ನಾಯಿ ಫೋಟೊದೊಳಗೆ ಹೇಗೆ ಬಂತು?" ಎಂದು ಕೇಳಿದೆ.

"ಬಾಗಿಲಿನ ಫೋಟೊ ತೆಗೆಯುವಾಗ ಮೆಟ್ಟಿಲ ಮೇಲೆ ಮಲಗಿತ್ತು. ಎಬ್ಬಿಸಿದ್ರೂ ಏಳ್ಲಿಲ್ಲ," ಎಂದು ಅವರು ನಗತೊಡಗಿದರು. ನಾನು ತಡವರಿಸುತ್ತ, ವಾಪಸ್ ಕಳಿಸಿಬಿಡಿ ಎಂದೆ.

"ವಾಪಸ್ಸಾ? ನಮ್ಮ ಯಜಮಾನ್ರು ಅದನ್ನ ಕೆಳಗೇ ಇಡ್ತಿಲ್ಲ! ನಾಯೀನೂ ಇರ್ಲಿ, ನವಿಲೂ ಕಳಿಸಿ."

ಸಂದೇಶ ಬಿಚ್ಚಿ ನೋಡಿದೆ. ಅಂಗಡಿಯವರು ತಮ್ಮ ಪ್ರೋಗ್ರಾಂ ಬದಲಿಸಿದ್ದರಿಂದ ಫೋಟೊಗಳು ಈಗ ಯಾವ ಕ್ರಮದಲ್ಲಾದರೂ ಬರುತ್ತಿದ್ದವು; ಈ ಸಲ ಬಾಗಿಲಿನದೇ ಮೊದಲು ಬಂದಿತ್ತು. ಪ್ರತಿ ಅಟ್ಯಾಚ್‌ಮೆಂಟಿಗೂ ಅದರದೇ ಗುರುತಿನ ಹೆಸರಿರುತ್ತದೆ. ಕೆತ್ತಬೇಕಾದ ಚಿತ್ರದ ಹೆಸರು ಯಾವುದೆಂದು ಬರಹದಲ್ಲೇ ಹೇಳಿರುತ್ತದೆ. ಅದನ್ನು ಓದಿ ಹುಡುಕಬೇಕೇ ಹೊರತು ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುವಂತಿಲ್ಲ.

ಅಕ್ಕನಿಗೆ ವಿವರಿಸಿದೆ. ಅವರು ಉಳಿ ಕೆಳಗಿಟ್ಟು ಕೇಳಿದರು, "ಅಂದ್ರೆ, ದಿಬ್ಬಣದ ಬಸ್ಸಿಂದ ಮೊದಲು ಇಳಿದವನಿಗೇ ಹಾರ ಹಾಕಿಬಿಟ್ಯಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ಸಂಜೆಯೊಳಗೆ ಕೋಡ್ ತಿದ್ದಿದೆ. ನವಿಲು ಮತ್ತು ನಾಯಿಯ ಫೋಟೊಗಳನ್ನು ಹಿಂದೆ ಮುಂದೆ ಮಾಡಿ ಕಳಿಸಿ ನೋಡಿದೆ. ಹೇಗೆ ಕಳಿಸಿದರೂ ಅಕ್ಕನ ಫೋನಿಗೆ ಹೋದದ್ದು ನವಿಲೇ. ಕುಣಿಯುವಷ್ಟು ಸಂತೋಷವಾಗಿ ಅವರಿಗೆ ಫೋನ್ ಮಾಡಿದೆ.

"ಸರಿಯಾಯ್ತು ಅಕ್ಕಾ!"

ಅಕ್ಕನ ದನಿ ಸಪ್ಪೆಯಾಯಿತು. "ಹಂಗಾದ್ರೆ ಇನ್ಮೇಲೆ ನಾಯಿ ಬರೋದೇ ಇಲ್ವಾ?"

ಆ ದನಿ ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಅಂಗಡಿಯವರೊಂದಿಗೆ ಮಾತಾಡಿ, ಮನೆಯ ಪ್ರಾಣಿಯನ್ನು ಕೆತ್ತಿಸಬೇಕೆನ್ನುವವರಿಗೆ ಮೂರನೆಯದೊಂದು ಫೋಟೊ ಸೇರಿಸಲು ಜಾಗ ಮಾಡಿಸಿದೆ. ಗುರುತು ನೋಡಿ ಹುಡುಕುವ ಕೋಡ್ ಆಗಲೇ ಇದ್ದುದರಿಂದ ನನ್ನ ಕೆಲಸ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಯಿತು.

ಮೊದಲ ಆರ್ಡರ್ ಆನಂದಪುರದಿಂದ ಬಂತು. ಕೆರೆಯಲ್ಲಿ ಕತ್ತಿನವರೆಗೆ ಮುಳುಗಿ, ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದ ಎಮ್ಮೆ. ಅಕ್ಕ ಫೋನನ್ನು ಅಡ್ಡ ಹಿಡಿದರು, ಉದ್ದ ಹಿಡಿದರು, ದೂರ ಹಿಡಿದರು.

"ಈ ಕೊಂಬಿಗೆ ನನ್ನ ಹತ್ರ ಇರೋ ಹಲಗೆ ಸಾಲದು ಮಾರಾಯ್ತಿ," ಎಂದು ಸೆರಗು ಸಿಕ್ಕಿಸಿಕೊಂಡು, ಹಿತ್ತಿಲಲ್ಲಿ ಪೇರಿಸಿಟ್ಟ ಮರ ಹುಡುಕಲು ಹೊರಟರು.