ಎಡ ಅಂಗೈಯ ಇಪ್ಪತ್ತೊಂದು

ಅಂದು ಬೆಳಿಗ್ಗೆ ಪೂಜೆಯಲ್ಲಿ ಇಷ್ಟಲಿಂಗ ನನ್ನ ಎಡ ಅಂಗೈಯಿಂದ ಜಾರಿತು.

ಮಡಿಲಿಗೆ ಬಿದ್ದು, ಅಲ್ಲಿಂದ ನೆಲಕ್ಕೆ ಉರುಳಿತು.

ಸಂಪಗಾಂವದ ತವರಿನಲ್ಲಿ ಅವ್ವ ಕಲಿಸಿದ ಪೂಜೆ. ಎಡ ಅಂಗೈಯಲ್ಲಿ ಲಿಂಗ ಹಿಡಿಯುವುದು, ವಿಭೂತಿ ಹಚ್ಚಿ ಪತ್ರಿ ಏರಿಸುವುದು, ನೂರೆಂಟು ಸಲ ಪಂಚಾಕ್ಷರಿ ಹೇಳುವುದು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಒಂದು ದಿನವೂ ಕೈ ತಪ್ಪಿರಲಿಲ್ಲ. ಲಿಂಗ ನೆಲ ಮುಟ್ಟಿದರೆ ಮಹಾ ಅಪರಾಧ ಎಂದು ಕೇಳಿಯೇ ಬೆಳೆದವಳು ನಾನು. ಕೈ ಜೋಮು ಹಿಡಿದಿತ್ತು, ಎಡಗಾಲು ಭಾರವಾಗಿತ್ತು. ಅದರ ಕಡೆ ಲಕ್ಷ್ಯವೇ ಹೋಗಲಿಲ್ಲ. ಶಿವ ಸಿಟ್ಟಾಗಿದ್ದಾನೆ ಎಂದುಕೊಂಡೆ. ಬಲಗೈಯಿಂದ ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡು, ತಪ್ಪುಕಾಣಿಕೆ ಎಂಬಂತೆ ಮತ್ತೆ ಜಪಕ್ಕೆ ಕುಳಿತೆ.

ನಮ್ಮವರು ಪಡಸಾಲೆಯಲ್ಲೇ ಇದ್ದರು. ಬೀಜ-ಗೊಬ್ಬರದ ಅಂಗಡಿಗೆ ಹೊರಡುವ ಹೊತ್ತು. ನಾನು ಕರೆಯಲಿಲ್ಲ.

ಮಾತು ಬಿಟ್ಟು ಮೂರು ವಾರವಾಗಿತ್ತು.

ಕಾರಣ ಸಣ್ಣದು. ಓಣಿಯ ಹೆಣ್ಣುಮಕ್ಕಳ ಜೊತೆ ನಾನು ಬೆಳಗಿನ ಯೋಗದ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ದಿನ ನಾಷ್ಟಾ ತಡವಾಯಿತು. "ಈ ವಯಸ್ಸಿನ್ಯಾಗ ಯೋಗ ಬ್ಯಾರೆ ಕೇಡು ನಿನಗ," ಎಂದರು, ಮನೆಗೆ ಬಂದವರ ಎದುರಿಗೆ. ಮರುದಿನದಿಂದ ಯೋಗ ಬಿಟ್ಟೆ. ಸಂಜೆಯ ನಡಿಗೆಯನ್ನೂ ಬಿಟ್ಟೆ. ಇನ್ನೊಂದನ್ನೂ ಬಿಟ್ಟಿದ್ದೆ, ಅದು ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ರಾಮದುರ್ಗದಿಂದ ಮಗಳು ವಿಡಿಯೋ ಕಾಲ್ ಮಾಡಿದಳು.

"ಅವ್ವಾ, ಬಾಯಿ ಯಾಕ ಸೊಟ್ಟ ಆಗೇತಿ? ಅಪ್ಪ ಎಲ್ಲದಾನ?"

ಬೆಳಗಾವಿಯ ದವಾಖಾನೆ ಮುಟ್ಟುವಾಗ ಸಂಜೆಯಾಗಿತ್ತು. ಸ್ಕ್ಯಾನ್ ಮಾಡಿದರು. ಸ್ಟ್ರೋಕ್ ಎಂದರು.

"ನಾಲ್ಕೂವರಿ ತಾಸಿನೊಳಗ ಬಂದಿದ್ರ ಇಂಜೆಕ್ಷನ್ ಕೊಡಬಹುದಿತ್ರಿ," ಎಂದರು ಡಾಕ್ಟರು. "ಬಿ.ಪಿ. ಗುಳಗಿ ತಗೋತಿದ್ರೇನು?"

"ಹೌದ್ರಿ. ದಿನಾ ತಗೋತಾಳ," ಎಂದರು ನಮ್ಮವರು.

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಮೂರು ವಾರದಿಂದ ಒಂದೂ ನುಂಗಿರಲಿಲ್ಲ.

ಅವರು ಬೈಯಲಿಲ್ಲ. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಬೈದಿದ್ದರೆ ಹಗುರಾಗುತ್ತಿತ್ತು.

ಹತ್ತು ದಿನಕ್ಕೆ ಮನೆಗೆ ಬಂದೆ. ಕಾಲು ಗೋಡೆ ಹಿಡಿದು ನಡೆಯುವಷ್ಟು ಬಂತು, ಮಾತು ತಿರುಗಿತು. ಕೈ ಮಾತ್ರ ಯಾರೋ ನನ್ನ ಮಡಿಲಲ್ಲಿ ಇಟ್ಟು ಮರೆತು ಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಮಠದ ಅಜ್ಜಾರು, ನಮ್ಮ ಸ್ವಾಮಿಗಳು, ನೋಡಲು ಬಂದಾಗ ನನ್ನ ಅಪರಾಧ ಹೇಳಿಕೊಂಡು ಅತ್ತೆ. "ಲಿಂಗ ಬಿದ್ದಿಲ್ಲ ತಂಗಿ, ಕೈ ಬಿದ್ದೈತಿ," ಎಂದರು. "ಕೈಗೆ ಔಷಧ ಮಾಡು. ಮತ್ತ ಅದ ಅಂಗೈಯಾಗ ಹಿಡಿ."

ಅಂದಿನಿಂದ ನನಗೆ ಅದೊಂದೇ ಆಸೆ.

ಊರಿನ ದವಾಖಾನೆಯ ಫಿಜಿಯೋಥೆರಪಿ ಹುಡುಗಿ ಒಂದು ಸ್ಪಂಜಿನ ಚೆಂಡು ಕೊಟ್ಟು, ದಿನಾ ಒತ್ತಲು ಹೇಳಿದಳು. ಒಂದು ಬೆಳಿಗ್ಗೆ ನಮ್ಮವರು ಬಾಚಣಿಗೆ ಹಿಡಿದು ಹಿಂದೆ ಕುಳಿತರು.

"ಅಲ್ಲಾಡಬ್ಯಾಡ, ಜಡಿ ಹಾಕತೇನಿ. ಗೊಬ್ಬರದ ಚೀಲ ಹೊಲಿದ ಕೈ ಐತಿ ಇದು."

"ಅದಕ್ಕ ಅಂತೇನ್ರಿ, ಜಡಿ ಹೋಗಿ ಸುತಳಿ ಆಗೇತಿ."

ಇಬ್ಬರೂ ನಕ್ಕೆವು. ಅಂದು ಚೆಂಡನ್ನು ನಲವತ್ತು ಸಲ ಒತ್ತಿದೆ, ದಣಿವೇ ಆಗಲಿಲ್ಲ. ಪೂಜೆಯ ಹೊತ್ತಿಗೆ ಅವರು ನನ್ನ ಎಡಗೈಯನ್ನು ಕೆಳಗಿನಿಂದ ಹಿಡಿದರು. ಲಿಂಗ ನಿಂತಿತು. ನನ್ನ ಕೈಯೇ ಹಿಡಿದಿದೆ ಎಂದು ನಂಬಿದೆ.

ಇನ್ನೊಂದು ದಿನ ಅಂಗಡಿಯಲ್ಲಿ ಯಾರ ಜೊತೆಗೋ ಜಗಳವಾಗಿ, ಮನೆಗೆ ಬಂದು ಪಲ್ಯದ ಉಪ್ಪಿನ ಮೇಲೆ ಸಿಟ್ಟು ತೆಗೆದರು. ನನ್ನ ಕೈಯ ಚೆಂಡು ಜಾರಿ ಮಂಚದ ಕೆಳಗೆ ಉರುಳಿ ಹೋಯಿತು. ಎರಡು ದಿನ ನಾನು ಹೆಕ್ಕಲಿಲ್ಲ.

"ಕಾಕು, ಬಳ್ಳು ಮತ್ತ ಬಿಗದಾವಲ್ರಿ," ಎಂದಳು ಆ ಹುಡುಗಿ, ನನ್ನ ಬೆರಳು ಬಿಡಿಸುತ್ತಾ. "ಎರಡ ದಿನ ಏನ್ ಮಾಡಿದ್ರಿ?"

"ನಮ್ಮವರು ಸಿಟ್ಟಾಗಿದ್ರವಾ."

"ಸಿಟ್ಟು ಕಾಕಾಗ ಬಂದ್ರ, ಬಳ್ಳು ನಿಮ್ಮವು ಯಾಕ ಬಿಗೀಬೇಕ್ರಿ?"

ನಕ್ಕೆ. ಮನೆಗೆ ಬಂದು ಅತ್ತೆ.

ಕುಳಿತು ಯೋಚಿಸಿದರೆ ನನ್ನ ಸಂಸಾರವೆಲ್ಲ ಹೀಗೇ ನಡೆದಿದೆ. ಅವರ ಮುಖ ಅರಳಿದ ದಿನ ನಾನು ಗುಡ್ಡ ಹತ್ತುವಷ್ಟು ಗಟ್ಟಿ. ಮುಖ ಗಂಟಾದ ದಿನ ನನ್ನ ಪಾಲಿನ ಒಂದು ಗುಳಿಗೆಯನ್ನೂ ನುಂಗಲಾರೆ. ಗಂಡ-ಹೆಂಡತಿ ಚೆನ್ನಾಗಿದ್ದರೆ ಕೈಗೆ ಬಲ ಬರುವುದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಆದರೆ ಆ ಬಲ ಬರಲಿ ಎಂದು ಕಾಯುತ್ತಾ ಕುಳಿತರೆ ಕೈ ಕಾಯುವುದಿಲ್ಲ. ಅದು ಒಣಗುತ್ತದೆ.

ಕಳೆದ ವಾರ ಮತ್ತೆ ಮಾತಿಗೆ ಮಾತು ಬೆಳೆಯಿತು. ಒಂದು ತಿಂಗಳು ರಾಮದುರ್ಗಕ್ಕೆ, ಮಗಳ ಮನೆಗೆ ಹೋಗಿ ಇರುತ್ತೇನೆ ಎಂದಿದ್ದೆ.

"ನಾ ಏನ್ ಕಡಿಮಿ ಮಾಡೇನಿ ನಿನಗ?" ಎಂದರು. ಚಹಾ ಅರ್ಧಕ್ಕೆ ಬಿಟ್ಟು ಅಂಗಡಿಗೆ ಹೋದರು.

ಎದೆಯಲ್ಲಿ ಅದೇ ಹಳೆಯ ಕತ್ತಲೆ ಇಳಿಯಿತು. ಮಲಗಿಬಿಡಬೇಕು ಎನ್ನಿಸಿತು. ಮಲಗಲಿಲ್ಲ. ಗುಳಿಗೆ ನುಂಗಿದೆ. ಚೆಂಡು ಒತ್ತಿದೆ, ಹತ್ತು ಸಲ ಮಾತ್ರ. ಅದಕ್ಕಿಂತ ಹೆಚ್ಚು ಮನಸ್ಸು ಕೊಡಲಿಲ್ಲ. ಆಮೇಲೆ ಮಡಿಲಲ್ಲಿ ದಪ್ಪ ಅರಿವೆ ಮಡಚಿ ಹಾಸಿಕೊಂಡು, ಕೆಳಗೆ ಯಾರ ಕೈಯೂ ಇಲ್ಲದ ನನ್ನ ಎಡ ಅಂಗೈಯಲ್ಲಿ ಲಿಂಗ ಇಟ್ಟೆ. ಪಂಚಾಕ್ಷರಿ ಎಣಿಸುತ್ತಾ ಹೋದೆ. ಇಪ್ಪತ್ತೊಂದಕ್ಕೆ ಅಂಗೈ ವಾಲಿತು, ಲಿಂಗ ಅರಿವೆಯ ಮೇಲೆ ಬಿತ್ತು.

ತಲೆ ಎತ್ತಿದರೆ ಬಾಗಿಲಲ್ಲಿ ಅವರು. ಮರೆತುಹೋದ ಮೊಬೈಲು ಒಯ್ಯಲು ಬಂದಿದ್ದರು.

"ಎಷ್ಟಾತು?"

"ಇಪ್ಪತ್ತೊಂದು."

"ಕೆಳಗ ಕೈ ಹಿಡೀಲೇನು?"

"ಬ್ಯಾಡ್ರಿ. ಅಲ್ಲೇ ಕೂಡ್ರಿ."

ಕುಳಿತರು. ಎರಡನೆಯ ಸಲ ಹದಿನಾಲ್ಕಕ್ಕೇ ಜಾರಿತು.

ಎರಡು ಬೆರಳು ಇನ್ನೂ ಬಿಚ್ಚುವುದಿಲ್ಲ. ರೊಟ್ಟಿ ಬಡಿಯುವುದು ಈ ಜನ್ಮಕ್ಕೆ ಮುಗಿಯಿತೇನೋ. ನೂರೆಂಟು ಆಗುವುದೂ ಅನುಮಾನ. ರಾಮದುರ್ಗದ ಮಾತನ್ನು ಅವರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಶಿವ ಬಲಗೈ ಉಳಿಸಿದ್ದಾನೆ, ಬಾಯಲ್ಲಿ ಅವನ ಹೆಸರು ಉಳಿಸಿದ್ದಾನೆ. ಇಂದು ಬೆಳಿಗ್ಗೆ ಅವರು ಮುಖ ಬಿಗಿದುಕೊಂಡೇ ಎದ್ದರು. ನಾನು ಗುಳಿಗೆ ನುಂಗಿ, ಅರಿವೆ ಮಡಚಿ, ಪೂಜೆಗೆ ಕುಳಿತೆ.