ಮರುಳಸಿದ್ದನ ಅಪ್ಪ

ಮಧುಗಿರಿ ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಶಂಕರಲಿಂಗಪ್ಪ ಸಂಜೆಯಾದರೆ ಗಿರಾಕಿಯನ್ನು ಅರ್ಧ ತೂಕದಲ್ಲೇ ಬಿಟ್ಟು ಎದ್ದುಬಿಡುತ್ತಿದ್ದ. ವ್ಯಾಪಾರಸ್ಥನಿಗೆ ತಕ್ಕ ನಡತೆಯಲ್ಲ ಅದು. ಆದರೆ ಬೆಟ್ಟದ ನೆರಳು ಕೆಳಗಿನ ಬಯಲಿಗೆ ಇಳಿಯಿತೆಂದರೆ ಅಲ್ಲಿ ಸ್ಕೂಲು ಹುಡುಗರ ಹಾಕಿ ಆಟ ಶುರುವಾಯಿತೆಂದೇ ಅರ್ಥ. ಆಮೇಲೆ ಸಾಕ್ಷಾತ್ ಶಿವನೇ ಬಂದು ಒಂದು ಅಚ್ಚು ಬೆಲ್ಲ ಕೇಳಿದರೂ ಅವನು ನಿಲ್ಲುತ್ತಿರಲಿಲ್ಲ.

ಬಯಲಿನಲ್ಲಿ ಯಾರೂ ಒಪ್ಪಿಸದ ಕೆಲಸಗಳನ್ನೆಲ್ಲ ಅವನೇ ಮೈಮೇಲೆ ಎಳೆದುಕೊಂಡಿದ್ದ. ಸುಣ್ಣದ ಗೆರೆ ಎಳೆಯುವುದು, ಸೀಳಿದ ಕೋಲಿಗೆ ಹುರಿ ಸುತ್ತುವುದು, ಕಾಲಿಗೆ ಏಟು ಬಿದ್ದವನಿಗೆ ಹರಳೆಣ್ಣೆ ತಿಕ್ಕುತ್ತ "ಅಳಬ್ಯಾಡ ಕಣ್ಲಾ, ಸಿರಾದೋರು ನೋಡಿದ್ರೆ ನಗ್ತಾರೆ" ಎಂದು ಗದರುವುದು. ಚೆಂಡು ಕಳ್ಳಿಬೇಲಿಗೆ ನುಗ್ಗಿದರೆ ಪಂಚೆ ಎತ್ತಿ ಕಟ್ಟಿ ಒಳಗೆ ಹೋಗುವವನೂ ಅವನೇ. ಕೊರಟಗೆರೆಗೋ ಸಿರಾಕ್ಕೋ ಪಂದ್ಯಕ್ಕೆ ಹೊರಟರೆ ಗಾಡಿ ಎತ್ತು ಅವನವು, ದಾರಿಯ ಹುರಿಗಡಲೆ ಬೆಲ್ಲವೂ ಅವನದೇ. ಕೋಲು ಹಿಡಿದು ಚೆಂಡಿನ ಬೆನ್ನು ಹತ್ತುವುದು ಓದುವ ಮಕ್ಕಳ ಲಕ್ಷಣವೇ ಎಂದು ಪೇಟೆಯ ಹಿರಿಯರು ಮೂಗು ಮುರಿದರು. ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿತು ಎಂದು ಅವನ ಮುಂದೆಯೇ ಆಡಿಕೊಂಡರು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ದಿನಾ ಒಂದು ಬಿಂದಿಗೆ ಮಜ್ಜಿಗೆ ಹೊತ್ತು ತರುತ್ತಿದ್ದುದರಿಂದ ಹುಡುಗರು ಅವನನ್ನು ಮಜ್ಜಿಗೆ ತಾತ ಎನ್ನುತ್ತಿದ್ದರು. ತಾತನಾಗುವ ವಯಸ್ಸಲ್ಲ, ತಲೆ ಮಾತ್ರ ಬೇಗ ಬೆಳ್ಳಗಾಗಿತ್ತು. ಆ ಹೆಸರು ಅವನಿಗೆ ಬೇಸರವೇನಲ್ಲ. ಆದರೆ ಅವನು ಕಾಯುತ್ತಿದ್ದ ಹೆಸರು ಅದಲ್ಲ.

ಹಿಂದೆ ಅದೇ ಬಯಲಿನಲ್ಲಿ ಅವನನ್ನು ಎಲ್ಲರೂ ಮರುಳಸಿದ್ದನ ಅಪ್ಪ ಎಂದು ಕರೆಯುತ್ತಿದ್ದರು. ಮರುಳಸಿದ್ದ ಒಬ್ಬನೇ ಮಗ. ತಂಡದಲ್ಲಿ ಗೋಲು ಕಾಯುತ್ತಿದ್ದವನು. ಒಂದು ಮಳೆಗಾಲ ತೊಯ್ದುಕೊಂಡೇ ಆಡಿ ಬಂದ, ಜ್ವರ ಹಿಡಿಯಿತು, ಬಿಡಲಿಲ್ಲ. ಅವನ ಜೊತೆಯ ಹುಡುಗರು ಅಪ್ಪನ ಮನಸ್ಸು ನೋಯಬಾರದೆಂದು ಆ ಹೆಸರನ್ನು ನುಂಗಿಕೊಂಡರು. ಮುಂದೆ ಅವರೂ ದೊಡ್ಡವರಾಗಿ ಓದು, ನೌಕರಿ ಎಂದು ಚದುರಿಹೋದರು. ಹೊಸದಾಗಿ ಬಂದ ಹುಡುಗರಿಗೆ ಮಜ್ಜಿಗೆ ತಾತನಿಗೊಬ್ಬ ಮಗನಿದ್ದನೆಂಬುದೇ ಗೊತ್ತಿರಲಿಲ್ಲ.

ಮನೆಯಲ್ಲೂ ಅದೇ ಕತೆ. ಹೆಂಡತಿ ಇಂದ್ರಮ್ಮ ಗಂಡನ ಹೆಸರು ಹಿಡಿದು ಕರೆಯುವವಳಲ್ಲ. ಆ ಕಾಲದ ಯಾವ ಗರತಿಯೂ ಕರೆಯುತ್ತಿರಲಿಲ್ಲ. ಮಗ ಹುಟ್ಟಿದ ಮೇಲೆ ಬಾಯಿ ತುಂಬ "ಮರುಳಸಿದ್ದನ ಅಪ್ಪಾ" ಎನ್ನುತ್ತಿದ್ದವಳಿಗೆ, ಅವನು ಹೋದ ಮೇಲೆ ಗಂಡನನ್ನು ಕರೆಯಲು ಹೆಸರೇ ಉಳಿಯಲಿಲ್ಲ. "ಇಲ್ನೋಡಿ" ಎನ್ನುವಳು, ಇಲ್ಲವೇ ಬಳೆ ಸದ್ದು ಮಾಡುವಳು. ಒಮ್ಮೆ ಊಟದ ಹೊತ್ತಿನಲ್ಲಿ ಅವನೇ ಮಗನ ಹೆಸರೆತ್ತಿದ. ಎದ್ದು ಹಿತ್ತಿಲಿಗೆ ಹೋದವಳು ಆ ದಿನ ತುತ್ತು ಮುಟ್ಟಲಿಲ್ಲ. ಅಂದಿನಿಂದ ಅವನೂ ಬಾಯಿ ಕಟ್ಟಿಕೊಂಡ. ಆಟದ ಬಯಲಿನ ಕಡೆ ಅವಳು ತಲೆಹಾಕಿಯೂ ಮಲಗಲಿಲ್ಲ. ಆದರೂ ದಿನಾ ಮಧ್ಯಾಹ್ನ ಕರಿಬೇವು ಇಂಗು ಹಾಕಿ ಮಜ್ಜಿಗೆ ಮಾಡಿ, ಬಿಂದಿಗೆಯನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋಗುತ್ತಿದ್ದಳು. ಯಾರಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಶಂಕರಲಿಂಗಪ್ಪನಿಗೆ ಇದ್ದದ್ದು ಒಂದೇ ಆಸೆ. ಯಾರಾದರೂ ಸರಿ, ಒಂದು ಸಲ ಆ ಹೆಸರು ಹಿಡಿದು ಕರೆಯಲಿ. ಬೇಲಿಯ ಪಕ್ಕ ನಿಂತು ಹುಡುಗರು ಒಬ್ಬರನ್ನೊಬ್ಬರು ಕೂಗಿಕೊಳ್ಳುವುದನ್ನು ಕೇಳುತ್ತ ಅವನ ಜೀವ ಆ ಒಂದು ಹೆಸರಿಗಾಗಿ ಹಂಬಲಿಸುತ್ತಿತ್ತು.

ಹೀಗಿರುವಾಗ ಡ್ರಿಲ್ ಮೇಷ್ಟ್ರು ತಿಮ್ಮರಾಯಪ್ಪ ಮಂಡಿಗೆ ಬಂದರು. "ಮಾರಾಜ್ರ ವರ್ಧಂತಿ ದಿನ ನಿಮ್ಗೆ ಸನ್ಮಾನ ಮಾಡ್ಬೇಕು ಅಂತ ಹುಡುಗ್ರು ಹಟ ಹಿಡ್ದವ್ರೆ. ಜೋಡೀಲಿ ಬರ್ಬೇಕು ನೀವು."

"ಅವ್ಳು ಆ ಕಡೀಕೆ ಬರಾಕಿಲ್ಲ ಮೇಷ್ಟ್ರೇ."

"ಒಂದ್ಮಾತು ಹೇಳಿ ನೋಡಿ."

ಹೆಂಡತಿಗೆ ನೇರವಾಗಿ ಹೇಳುವ ಧೈರ್ಯ ಅವನಿಗೆಲ್ಲಿ ಬರಬೇಕು? ಗೋಡೆಗೆ ಹೇಳಿದಂತೆ ಹೇಳಿ ಮಲಗಿದ. ವರ್ಧಂತಿಯ ದಿನ ಬೆಳಗ್ಗೆ ನೋಡಿದರೆ ಇಂದ್ರಮ್ಮ ಪೆಟ್ಟಿಗೆಯಿಂದ ಮೊಳಕಾಲ್ಮೂರು ಸೀರೆ ತೆಗೆದು ಉಟ್ಟು ನಿಂತಿದ್ದಳು.

ಬಯಲಿನಲ್ಲಿ ಚಪ್ಪರ ಹಾಕಿದ್ದರು. ದಂಪತಿಗಳನ್ನು ಬೆಂಚಿನ ಮೇಲೆ ಕೂರಿಸಿ, ಚೆಂಡುಹೂವಿನ ಹಾರ ಹಾಕಿ, ಶಾಲು ಹೊದಿಸಿದರು. ಹೊಸದಾಗಿ ವರ್ಗವಾಗಿ ಬಂದಿದ್ದ ಹೆಡ್ಮಾಸ್ಟರ್ ಸಂಜೀವಯ್ಯ ಭಾಷಣಕ್ಕೆ ನಿಂತರು. ಭಾಷೆ ಬಲು ಚೆಂದ. "ಸಂತಾನಭಾಗ್ಯವನ್ನು ದೇವರು ಕರುಣಿಸದಿದ್ದರೂ, ಊರ ಮಕ್ಕಳನ್ನೆಲ್ಲ ತಮ್ಮ ಮಕ್ಕಳೆಂದು ಕಂಡ ಮಹನೀಯರು ಶ್ರೀಮಾನ್ ಶಂಕರಲಿಂಗಪ್ಪನವರು!"

ಜನ ಚಪ್ಪಾಳೆ ತಟ್ಟಿದರು. ಭಾಷಣಕ್ಕೆ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬೇಕೆಂಬ ಬುದ್ಧಿ ಈ ಓದಿದವರಿಗೆ ಯಾಕೋ ಬರುವುದಿಲ್ಲ. ತಿಮ್ಮರಾಯಪ್ಪ ತಲೆ ತಗ್ಗಿಸಿದರು. ನನಗೊಬ್ಬ ಮಗನಿದ್ದ ಎಂದು ಎದ್ದು ಹೇಳಬೇಕೆನ್ನಿಸಿತು ಶಂಕರಲಿಂಗಪ್ಪನಿಗೆ. ಆದರೆ ಹೆಂಡತಿಯ ಮುಖ ನೋಡಲೂ ಹೆದರಿ ಅವನು ನೆಲ ನೋಡುತ್ತ ಕೂತ.

ಅಷ್ಟರಲ್ಲಿ ಹೆಡ್ಮಾಸ್ಟರ ಹೆಂಡತಿ ಸರಸಮ್ಮ ಕುಂಕುಮದ ತಟ್ಟೆ ತಂದರು. ಪಾಪ, ಅವರಿಗೂ ಏನೂ ತಿಳಿಯದು. "ಯಜಮಾನರ ಹೆಸರು ಹೇಳಿದರೇನೇ ಕುಂಕುಮ!" ಎಂದು ತಮಾಷೆಗೆ ತಟ್ಟೆ ಹಿಂದಕ್ಕೆ ಎಳೆದುಕೊಂಡರು. ಹೆಂಗಸರು ಕಿಸಕ್ಕನೆ ನಕ್ಕರು.

ಇಂದ್ರಮ್ಮ ಎದ್ದು ನಿಂತಳು. "ಹೆಸ್ರು ಹೇಳೋ ವಾಡಿಕೆ ನಮ್ಮನೇಲಿಲ್ಲ ಕಣಮ್ಮ. ಇವ್ರು ಮರುಳಸಿದ್ದನ ಅಪ್ಪ."

ಮುಂದಿನ ಸಾಲಿನಲ್ಲಿ ಕೂತಿದ್ದ ತಂಡದ ನಾಯಕ, ಮಿಡಿಗೇಶಿಯ ಚಿಕ್ಕರಂಗಯ್ಯ, ತಡೆಯಲಾರದೆ ಕೇಳಿಬಿಟ್ಟ. "ಮರುಳಸಿದ್ದ ಅಂದ್ರೆ ಯಾರಮ್ಮಾ?"

"ನನ್ಮಗ ಕಣಪ್ಪ. ಇಲ್ಲೇ ಗೋಲು ಕಾಯ್ತಿದ್ದ. ಜ್ವರ ಬಂದು ಹೋಗ್ಬುಟ್ಟ. ಮಕ್ಳಿಲ್ದೋರು ಅಂದ್ಬುಟ್ರಲ್ಲ, ಅದ್ಕೇ ಹೇಳ್ದೆ." ಅವಳ ದನಿ ಒಂದಿಷ್ಟೂ ನಡುಗಲಿಲ್ಲ. "ನಿಮ್ಮಂಗೇ ಇದ್ದ. ಆಟ ಬುಟ್ಟು ಮನೀಗೆ ಬಾ ಅಂದ್ರೆ ಬತ್ತಿರ್ಲಿಲ್ಲ."

ಸಂಜೀವಯ್ಯ ಕೈಮುಗಿದು "ತಪ್ಪಾಯಿತು ತಾಯಿ" ಎಂದರು. ಸರಸಮ್ಮನ ಕಣ್ಣಲ್ಲಿ ನೀರು. ಶಂಕರಲಿಂಗಪ್ಪ ಹೊದಿಸಿದ್ದ ಶಾಲಿನಲ್ಲೇ ಮುಖ ಮುಚ್ಚಿಕೊಂಡು, ಅಷ್ಟು ಜನರೆದುರು ಅತ್ತ.

ಕಾರ್ಯಕ್ರಮ ಮುಗಿದು ಮನೆಗೆ ಹೊರಟರು. ಎಂದಿನಂತೆ ಅವನು ಮುಂದೆ, ಅವಳು ಹಿಂದೆ. ಪೇಟೆ ಬೀದಿಯ ತಿರುವಿನಲ್ಲಿ ಹಿಂದಿನಿಂದ ದನಿ ಬಂತು. "ಮರುಳಸಿದ್ದನ ಅಪ್ಪಾ, ವಸಿ ನಿಧಾನಕ್ಕೆ ನಡೀರಿ."

ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿ ಮಂದವಾದವನಂತೆ ಮುಂದೆ ನಡೆದ, ಅವಳು ಇನ್ನೊಂದು ಸಲ ಕರೆಯಲಿ ಎಂದು.